ಕಾಸು ನಿಮ್ಮದು, ಹಾಡು ಯಾರದು?

ಮಧುಗಿರಿಯಲ್ಲೋ ಶಿರಾದಲ್ಲೋ ಬಸ್ಸಿಗೆ ಕಾಯುತ್ತಾ ಈ ಪತ್ರಿಕೆ ಕೊಂಡಿದ್ದೀರಿ. ಕಾಸು ಕೊಟ್ಟಿರಿ, ಪತ್ರಿಕೆ ನಿಮ್ಮದಾಯಿತು. ಕೊರಟಗೆರೆ ಬರುವಷ್ಟರಲ್ಲಿ ಓದಿ ಮುಗಿಸಿ ಪಕ್ಕದ ಸೀಟಿನವರಿಗೆ ಕೊಡಬಹುದು. ಅವರು ಅದನ್ನು ಹಿಡಿದುಕೊಂಡೇ ಇಳಿದು ಹೋದರೂ ಹೋಗಬಹುದು, ಅದು ಬೇರೆ ಮಾತು! ನಡುಪುಟದ ಚಿತ್ರ ಬಿಡಿಸಿ ಗೋಡೆಗೆ ಅಂಟಿಸಬಹುದು. ಹಳೆಯದಾದ ಮೇಲೆ ರದ್ದಿಗೆ ಹಾಕಿ ನಾಲ್ಕು ಕಾಸು ಮಾಡಿಕೊಳ್ಳಬಹುದು. ಯಾಕೆ ಏನು ಎಂದು ಯಾರೂ ಕೇಳುವುದಿಲ್ಲ.

ಈಗ ಸುಮ್ಮನೆ ಊಹಿಸಿ ನೋಡಿ. ಇದೇ ಪತ್ರಿಕೆ ಪಕ್ಕದವರ ಕೈಗೆ ಹೋದ ಕೂಡಲೇ ಅಕ್ಷರವೆಲ್ಲ ಮಾಯವಾದರೆ? ನೀವು ಮನೆ ಬದಲಾಯಿಸಿದಿರಿ ಎಂಬ ಕಾರಣಕ್ಕೆ ಕಪಾಟಿನಲ್ಲಿದ್ದ ಹಳೆಯ ಸಂಚಿಕೆಗಳೆಲ್ಲ ಬಿಳಿ ಹಾಳೆಯಾದರೆ? ಪತ್ರಿಕೆಯವರು ಅಂಗಡಿ ಮುಚ್ಚಿದ ದಿನವೇ ನಿಮ್ಮ ಮನೆಯ ಪ್ರತಿಯೂ ಬಾಯಿ ಮುಚ್ಚಿಕೊಂಡರೆ?

"ಏನ್ರೀ ಇದು, ತಮಾಷೆ ಮಾಡ್ತೀರಾ?" ಅಂತೀರಿ. ತಮಾಷೆಯಲ್ಲ ಸ್ವಾಮಿ. ದುಡ್ಡು ಕೊಟ್ಟು, ರಸೀದಿ ಪಡೆದು, ನ್ಯಾಯವಾಗಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಹಾಡುಗಳಿಗೆ ಇಂಥದ್ದೇ ಗತಿ ಬಂದದ್ದುಂಟು. ಕದ್ದು ಇಳಿಸಿಕೊಂಡವರ ಮಾತು ಬಿಡಿ, ಅವರ ಹಾಡಿಗೆ ಏನೂ ಆಗಲಿಲ್ಲ. ಅದು ಹಾಡುತ್ತಲೇ ಇದೆ! ಪೆಟ್ಟು ತಿಂದದ್ದು ಕಾಸು ಕೊಟ್ಟವರು ಮಾತ್ರ...

ಪ್ಲೇಟಿನಿಂದ ಮೆಮೊರಿ ಕಾರ್ಡಿಗೆ

ಒಂದು ಕಾಲಕ್ಕೆ ಹಾಡು ಎಂದರೆ ಕೈಗೆ ಸಿಗುವ ವಸ್ತು. ಮೈಕ್ ಸೆಟ್ಟಿನವರ ಟ್ರಂಕಿನಲ್ಲಿ ಪ್ಲೇಟುಗಳು ಇರುತ್ತಿದ್ದವು. ಮದುವೆಗೆ ಮೈಕು ಬಂತೆಂದರೆ ಪ್ಲೇಟೂ ಬಂತು. ಗೀರು ಬಿದ್ದ ಪ್ಲೇಟು ಒಂದೇ ಸಾಲನ್ನು ಹತ್ತು ಸಲ ಹಾಡುತ್ತಿತ್ತು, ಬೀಗರೂ ನೆಂಟರೂ ನಕ್ಕು ಸುಮ್ಮನಾಗುತ್ತಿದ್ದರು. ಆಮೇಲೆ ಕ್ಯಾಸೆಟ್ಟು ಬಂತು. 1987ರ 'ಪ್ರೇಮಲೋಕ'ದ ಕ್ಯಾಸೆಟ್ಟನ್ನು ಒಬ್ಬ ಕೊಂಡರೆ ಓಣಿಯೇ ಕೇಳುತ್ತಿತ್ತು. ಖಾಲಿ ಕ್ಯಾಸೆಟ್ಟು ತೆಗೆದುಕೊಂಡು ಹೋಗಿ ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ತುಂಬಿಸಿ ಕೊಡುವ ಅಂಗಡಿಗಳೂ ಇದ್ದವು. ಕಾನೂನಿನ ಪ್ರಕಾರ ಅದು ತಪ್ಪೇ. ಆದರೆ ಆ ತಪ್ಪಿಗೂ ಒಂದು ಮಿತಿ ಇತ್ತು, ಒಂದು ಕ್ಯಾಸೆಟ್ಟು ತುಂಬಲು ಒಂದು ಗಂಟೆ ಬೇಕಲ್ಲ!

ಮೊಬೈಲು ಬಂದ ಮೇಲೆ ಆ ಮಿತಿಯೂ ಹೋಯಿತು. ಕರೆನ್ಸಿ ಹಾಕುವ ಅಂಗಡಿಯಲ್ಲೇ ಒಂದು ಕಂಪ್ಯೂಟರು. ಅಲ್ಲಿ ಹತ್ತು ವರ್ಷದ ಹಿಂದೆ ಇಂಥ ಮಾತು ದಿನಕ್ಕೆ ಎಷ್ಟು ಸಲ ನಡೆಯುತ್ತಿತ್ತೋ!

"ಅಣ್ಣಾ, ಇದ್ರಲ್ಲಿ ಪುನೀತ್ ಹಾಡೆಲ್ಲಾ ಹಾಕ್ಕೊಡಣ್ಣ. ಜಾಗ ಉಳುದ್ರೆ ಅಣ್ಣಾವ್ರುದೂ ಇರ್ಲಿ, ನಮ್ಮಪ್ಪಂಗೆ."

"ಎಷ್ಟು ಜಿ.ಬಿ. ಕಾರ್ಡ್ಲಾ ತಮ್ಮಾ?"

"ಎರಡು."

"ಸರಿ, ಬಸ್ಸು ಬರೋ ಹೊತ್ಗೆ ಬಾ. ತೆಲುಗೂ ಬೇಕಾ?"

ಪಾವಗಡದಲ್ಲಿ ಈ ಕೊನೆಯ ಪ್ರಶ್ನೆ ಕೇಳಲೇಬೇಕು. ಸುತ್ತ ಮುತ್ತ ಆಂಧ್ರ, ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ಮೆಮೊರಿ ಕಾರ್ಡಿಗೆ ಗಡಿ ತಕರಾರು ಇರಲಿಲ್ಲ.

ಈ ವ್ಯಾಪಾರದಲ್ಲಿ ಹಾಡು ಬರೆದವರಿಗೆ, ಹಾಡಿದವರಿಗೆ, ನಿರ್ಮಾಪಕರಿಗೆ ಒಂದು ಬಿಡಿಗಾಸೂ ಸೇರಲಿಲ್ಲ. ಸರ್ಕಾರ ಸುಮ್ಮನೆ ಕೂರಲಿಲ್ಲ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು 'ಡಿಜಿಟಲ್ ಅಪರಾಧಿ' ಎಂಬ ಹೊಸ ಪಾತ್ರವನ್ನು ಸೇರಿಸಿದರು. ವ್ಯಾಪಾರಕ್ಕಾಗಿ ಬೇಕೆಂದೇ ಕೃತಿಸ್ವಾಮ್ಯ ಮುರಿದವರನ್ನು ಒಂದು ವರ್ಷದವರೆಗೆ ಮುನ್ನೆಚ್ಚರಿಕೆಯ ಬಂಧನದಲ್ಲಿ ಇಡಬಹುದು ಎಂದಾಯಿತು. ಹಾಡು ಹಾಕಿಕೊಡುವ ಪೆಟ್ಟಿಗೆ ಅಂಗಡಿಯವನೂ ಕಳ್ಳಭಟ್ಟಿ ದಂಧೆಯವನೂ ಒಂದೇ ಕಾಯ್ದೆಯ ಕೆಳಗೆ! ಕೊನೆಗೆ ಆ ಅಂಗಡಿಗಳ ಕಸುಬನ್ನು ಕೆಡಿಸಿದ್ದು ಮಾತ್ರ ಈ ಕಾಯ್ದೆಗಿಂತ ಹೆಚ್ಚಾಗಿ 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋ. ಇಂಟರ್‌ನೆಟ್ಟು ಅಗ್ಗವಾಯಿತು, ಕಾರ್ಡು ತುಂಬಿಸುವವರ ಮುಂದಿನ ಜನ ಕರಗಿದರು.

ಕೊಟ್ಟವನಿಗೇ ಕೇಳದ ಹಾಡು

ಹಾಗಾದರೆ ನಮ್ಮ ಕಡೆಯ ಜನ ಹಾಡಿಗೆ ನ್ಯಾಯವಾಗಿ ಕಾಸು ಕೊಟ್ಟೇ ಇಲ್ಲವೇ? ಕೊಟ್ಟಿದ್ದಾರೆ, ಅದೂ ಧಾರಾಳವಾಗಿ. ಕಾಲರ್ ಟ್ಯೂನ್ ನೆನಪಿದೆಯಲ್ಲ? ತಿಂಗಳಿಗೆ ಸುಮಾರು 30 ರೂಪಾಯಿ ಬಾಡಿಗೆ, ಹಾಡು ಬದಲಾಯಿಸಿದರೆ ಮತ್ತೆ ಹದಿನೈದು. ಸ್ವಾರಸ್ಯ ಏನೆಂದರೆ ಕಾಸು ಕೊಟ್ಟವನಿಗೆ ಆ ಹಾಡು ಕೇಳಿಸುವುದೇ ಇಲ್ಲ! ಕೇಳುವವರು ಅವನಿಗೆ ಫೋನು ಮಾಡಿದವರು. ಅವರೂ ಪೂರ್ತಿ ಕೇಳುವಂತಿಲ್ಲ, ಇವನು "ಹಲೋ" ಎಂದ ಕೂಡಲೇ ಪಲ್ಲವಿಯ ಮಧ್ಯದಲ್ಲೇ ಹಾಡು ಕಟ್ಟು. 2011ರ ಜನವರಿಯಿಂದ ದೇಶದಾದ್ಯಂತ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬಂತು. ನಂಬರು ಜೊತೆಗೆ ಬಂತು, ಹಾಡು ಹಳೆಯ ಕಂಪನಿಯಲ್ಲೇ ಉಳಿಯಿತು. ಒಂದೇ ಹಾಡಿಗೆ ವರ್ಷವಿಡೀ ಕಾಸು ಕಟ್ಟಿದವರ ಕೈಯಲ್ಲಿ ಕೊನೆಗೆ ಏನೂ ಇಲ್ಲ.

ಇದು ಬಾಡಿಗೆ ಎಂದು ಮೊದಲೇ ಹೇಳಿದ್ದರು, ಆದ್ದರಿಂದ ಹೆಚ್ಚು ದೂರುವಂತಿಲ್ಲ. ದೂರಬೇಕಾದ್ದು 'ಕೊಳ್ಳಿ' ಎಂದು ಬೋರ್ಡು ಹಾಕಿ ಬಾಡಿಗೆಗೆ ಕೊಟ್ಟವರನ್ನು.

ಬೀಗ ನಿಮ್ಮ ಮನೆಗೆ, ಕೈ ಅವರ ಸೊಂಟದಲ್ಲಿ

ಕಂಪ್ಯೂಟರಿನಲ್ಲಿ ಹಾಡಿಗೆ ಬೀಗ ಹಾಕುವುದೆಂದರೆ ಹೇಗೆ? ಹಾಡಿನ ಕಡತವನ್ನು ಗುಪ್ತಲಿಪಿಯಲ್ಲಿ ಬರೆದಿರುತ್ತಾರೆ. ಅದನ್ನು ಬಿಡಿಸಿ ಓದುವ ಬೀಗದ ಕೈ ಮಾರಿದ ಕಂಪನಿಯ ಕಂಪ್ಯೂಟರಿನಿಂದ ಬರಬೇಕು. ನೀವು ಹಾಡು ಒತ್ತಿದಾಗ ನಿಮ್ಮ ಯಂತ್ರ ನೋಡುತ್ತದೆ: 'ಈ ಯಂತ್ರಕ್ಕೆ ಅಪ್ಪಣೆ ಇದೆಯೇ?' ಇದ್ದರೆ ಹಾಡು, ಇಲ್ಲದಿದ್ದರೆ ಮೌನ. ಇದಕ್ಕೆ ಡಿ.ಆರ್.ಎಂ. ಎಂದು ಹೆಸರು. ಹೆಸರಿನಲ್ಲಿ 'ಹಕ್ಕುಗಳ ನಿರ್ವಹಣೆ' ಇದೆ. ಯಾರ ಹಕ್ಕು ಎಂದು ಬಿಡಿಸಿ ಹೇಳಬೇಕಾಗಿಲ್ಲ.

2003ರ ಏಪ್ರಿಲಿನಲ್ಲಿ ಅಮೆರಿಕದ ಆಪಲ್ ಕಂಪನಿ ಹಾಡಿಗೆ 99 ಸೆಂಟಿನಂತೆ ಮಾರಲು ಶುರು ಮಾಡಿತು. ಕಾಸು ಕೊಟ್ಟು ಕೊಂಡ ಹಾಡು ಐದು ಕಂಪ್ಯೂಟರಿಗಿಂತ ಹೆಚ್ಚು ಕಡೆ ಹಾಡುವಂತಿರಲಿಲ್ಲ, ಬೇರೆ ಕಂಪನಿಯ ಕಿಸೆಯಂತ್ರದಲ್ಲಂತೂ ಸುತರಾಂ ಇಲ್ಲ. ಮೈಕ್ರೋಸಾಫ್ಟ್ ಕಂಪನಿಯೂ ಎಂ.ಎಸ್.ಎನ್. ಮ್ಯೂಸಿಕ್ ಎಂಬ ಅಂಗಡಿ ತೆರೆದು ಮುಚ್ಚಿತು. ಮುಚ್ಚಿದರೆ ಮುಚ್ಚಲಿ ಎನ್ನುವ ಹಾಗಿಲ್ಲ! 2008ರ ಏಪ್ರಿಲಿನಲ್ಲಿ ತನ್ನ ಗಿರಾಕಿಗಳಿಗೆ ಓಲೆ ಬರೆಯಿತು: ಆಗಸ್ಟ್ 31ರ ನಂತರ ಹೊಸ ಯಂತ್ರಕ್ಕೆ ಬೀಗದ ಕೈ ಕೊಡುವುದಿಲ್ಲ. ಅಂದರೆ ನಿಮ್ಮ ಹಳೆಯ ಕಂಪ್ಯೂಟರು ಕೆಟ್ಟ ದಿನ ನೀವು ಕೊಂಡ ಹಾಡುಗಳೂ ಕೆಟ್ಟವು. ಜನ ಗಲಾಟೆ ಎಬ್ಬಿಸಿದ ಮೇಲೆ ಗಡುವನ್ನು ಮೂರು ವರ್ಷ ಮುಂದಕ್ಕೆ ಹಾಕಿದರು. ಅದೇ ವರ್ಷ ಯಾಹೂ ಕೂಡ ಅದೇ ದಾರಿ ಹಿಡಿದು, ಕೂಗಾಟವಾದ ಮೇಲೆ ಗಿರಾಕಿಗಳಿಗೆ ಪರಿಹಾರ ಕೊಡಲು ಒಪ್ಪಿತು.

ಈ ಬೀಗದಿಂದ ಕಳ್ಳತನ ನಿಂತಿತೇ? ಆಪಲ್‌ನ ಸ್ಟೀವ್ ಜಾಬ್ಸ್ 2007ರ ಫೆಬ್ರವರಿಯಲ್ಲಿ ಬಹಿರಂಗ ಪತ್ರ ಬರೆದು ಲೆಕ್ಕ ಕೊಟ್ಟರು. ಹಿಂದಿನ ವರ್ಷ ಬೀಗ ಹಾಕಿ ಆನ್‌ಲೈನಿನಲ್ಲಿ ಮಾರಿದ ಹಾಡು 200 ಕೋಟಿಗಿಂತ ಕಡಿಮೆ. ಅದೇ ವರ್ಷ ಧ್ವನಿಮುದ್ರಿಕೆ ಕಂಪನಿಗಳೇ ಸಿ.ಡಿ.ಯಲ್ಲಿ ಯಾವ ಬೀಗವೂ ಇಲ್ಲದೆ ಮಾರಿದ್ದು 2,000 ಕೋಟಿಗೂ ಹೆಚ್ಚು! ಹಿತ್ತಿಲ ಬಾಗಿಲು ಹಾರು ಹೊಡೆದು ಮುಂಬಾಗಿಲಿಗೆ ಏಳು ಬೀಗ ಹಾಕಿದ ಹಾಗಾಯಿತು. 2009ರಲ್ಲಿ ಆಪಲ್ ಹಾಡುಗಳ ಬೀಗ ತೆಗೆಯಿತು. ಮೊದಲೇ ಕೊಂಡಿದ್ದ ಹಾಡಿನ ಬೀಗ ತೆಗೆಸಲು ಹಾಡಿಗೆ ಮತ್ತೆ 30 ಸೆಂಟು ಕೇಳಿತು, ಅದು ಬೇರೆ!

ನಮ್ಮ ಅದೃಷ್ಟವೋ ಏನೋ, ಈ ವ್ಯಾಪಾರ ಭಾರತಕ್ಕೆ ಬರುವಷ್ಟರಲ್ಲಿ ಬೀಗದ ಕಾಲ ಮುಗಿಯುತ್ತಾ ಬಂದಿತ್ತು. ನೋಕಿಯಾದವರು ಫೋನಿನ ಜೊತೆ ಹಾಡು ಕೊಡುವ ಯೋಜನೆಯನ್ನು 2008ರಲ್ಲಿ ಬ್ರಿಟನ್ನಿನಲ್ಲಿ ಬೀಗ ಸಮೇತ ಶುರು ಮಾಡಿದ್ದರು, 2010ರಲ್ಲಿ ಇಲ್ಲಿಗೆ ತಂದಾಗ ಬೀಗ ಬಿಟ್ಟು ಬಂದರು. ಆಪಲ್ ಅಂಗಡಿ ಇಲ್ಲಿ ತೆರೆದದ್ದು 2012ರ ಡಿಸೆಂಬರಿನಲ್ಲಿ.

ಬೆಂಗಳೂರಿನ ಅಂಗಡಿ ಹದಿನಾರು ತಿಂಗಳು

ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿ ಒಂದು ಪ್ರಯತ್ನ ನಡೆದಿತ್ತು. ಪುಸ್ತಕ ಮಾರಿ ಹೆಸರಾದ ಫ್ಲಿಪ್‌ಕಾರ್ಟ್ ಕಂಪನಿ 2012ರ ಫೆಬ್ರವರಿಯಲ್ಲಿ 'ಫ್ಲೈಟ್' ಎಂಬ ಹಾಡಿನ ಅಂಗಡಿ ತೆರೆಯಿತು. ಒಂದು ಹಾಡು 6 ರೂಪಾಯಿಯಿಂದ ಶುರು. ಬೀಗವಿಲ್ಲದ ಎಂ.ಪಿ.3. ಇಳಿಸಿಕೊಂಡ ಮೇಲೆ ಫೋನಿಗೂ ಹಾಕಿ, ಪೆನ್‌ಡ್ರೈವಿಗೂ ಹಾಕಿ, ಸಿ.ಡಿ.ಯನ್ನೂ ಮಾಡಿಕೊಳ್ಳಿ. ಮರ್ಯಾದಸ್ಥರ ವ್ಯಾಪಾರ ಎಂದರೆ ಇದು.

ನಡೆಯಿತೇ? ಹದಿನಾರು ತಿಂಗಳು! 2013ರ ಜೂನ್ 17ಕ್ಕೆ ಬಾಗಿಲು ಹಾಕಿದರು. ಹಾಡಿನ ಕಳ್ಳತನ ಒಂದು ಕಾರಣ, ಚಿಲ್ಲರೆ ಕಾಸನ್ನು ಸುಲಭವಾಗಿ ಪಾವತಿ ಮಾಡುವ ದಾರಿ ಇಲ್ಲದ್ದು ಇನ್ನೊಂದು ಎಂದು ಕಂಪನಿಯೇ ಹೇಳಿತು. ಎರಡನೆಯ ಕಾರಣ ನಿಜಕ್ಕೂ ನಿಜ. 2012ರಲ್ಲಿ ಕೊರಟಗೆರೆಯ ಒಬ್ಬ ಹುಡುಗ ಆರು ರೂಪಾಯಿಯ ಹಾಡು ಕೊಳ್ಳಬೇಕೆಂದರೆ ಬ್ಯಾಂಕಿನ ಕಾರ್ಡು ಬೇಕು, ಹದಿನಾರು ಅಂಕಿ ಒತ್ತಬೇಕು, ಗುಪ್ತಸಂಖ್ಯೆ ಬರುವವರೆಗೆ ಇಂಟರ್‌ನೆಟ್ಟು ನಿಲ್ಲದೆ ಇರಬೇಕು. ಪಕ್ಕದ ಅಂಗಡಿಯಲ್ಲಿ ಅಷ್ಟರಲ್ಲಿ ಇಡೀ ಕಾರ್ಡು ತುಂಬಿಸಿಕೊಡುತ್ತಾರೆ! ಈಗ ನೋಡಿ, 2016ರಲ್ಲಿ ಯು.ಪಿ.ಐ. ಬಂದು ಎಳನೀರು ಮಾರುವವರ ಗಾಡಿಯಲ್ಲೂ ಕ್ಯೂ.ಆರ್. ಚೀಟಿ ಅಂಟಿದೆ. ಆರು ರೂಪಾಯಿ ಕೊಡುವುದು ಈಗ ಎರಡು ಬೆರಳಿನ ಕೆಲಸ. ಕೊಡೋಣವೆಂದರೆ ಆ ಅಂಗಡಿಯೇ ಇಲ್ಲ!

ಮುಚ್ಚುವಾಗ ಫ್ಲೈಟ್‌ನವರು ಒಂದು ಒಳ್ಳೆಯ ಕೆಲಸ ಮಾಡಿದರು. ಕೊಂಡಿರುವುದನ್ನೆಲ್ಲ ಆಗಸ್ಟ್ 18ರೊಳಗೆ ಇಳಿಸಿಕೊಳ್ಳಿ ಎಂದು ಎರಡು ತಿಂಗಳ ಗಡುವು ಕೊಟ್ಟರು. ಇಳಿಸಿಕೊಂಡವರು ಗೆದ್ದರು. ಅದನ್ನು ಓದದವರು, ಕಂಪ್ಯೂಟರು ಇಲ್ಲದವರು, ಆಮೇಲೆ ನೋಡೋಣ ಎಂದವರು ಸೋತರು. ಗೂಗಲ್ ಕಥೆಯೂ ಹೀಗೇ. 2016ರಲ್ಲಿ ಇಲ್ಲಿ ಹಾಡು ಮಾರಲು ಶುರು ಮಾಡಿದ ಅದರ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಮುಚ್ಚಿತು. ಹಾಡುಗಳನ್ನು ಬೇರೆ ಕಡೆ ಸಾಗಿಸಿಕೊಳ್ಳಲು 2021ರ ಫೆಬ್ರವರಿ 24ರವರೆಗೆ ಸಮಯ ಇತ್ತು. ಆಮೇಲೆ ಎಲ್ಲ ಅಳಿಸಿ ಹಾಕುತ್ತೇವೆ ಎಂದರು. ಬೀಗ ಇಲ್ಲದಿದ್ದರೂ ಗಡುವು ಇದ್ದೇ ಇತ್ತು, ನೋಡಿದಿರಾ?

ಮತ್ತೆ ಬಂತು ಬೀಗ, ವೇಷ ಬದಲಿಸಿ

ಈಗ ನಮ್ಮ ಫೋನುಗಳಲ್ಲಿ ಹಾಡು ಹೇಗೆ ಬರುತ್ತಿದೆ? ಆ್ಯಪು. ತಿಂಗಳಿಗಿಷ್ಟು ಎಂದು ಕೊಟ್ಟರೆ 'ಡೌನ್‌ಲೋಡ್' ಎಂಬ ಬಾಣದ ಗುರುತು ಬೆಳಗುತ್ತದೆ. ಒತ್ತುತ್ತೀರಿ. ಹಾಡು ಫೋನಿಗೆ ಬಂದು ಕೂರುತ್ತದೆ, ಜಾಗವನ್ನೂ ತಿನ್ನುತ್ತದೆ. ಆದರೆ ಆ ಹಾಡನ್ನು ಬ್ಲೂಟೂತಿನಲ್ಲಿ ಅಕ್ಕನ ಫೋನಿಗೆ ಕಳಿಸಿ ನೋಡೋಣ! ಪೆನ್‌ಡ್ರೈವಿಗೆ ಹಾಕಿ ಟ್ರಾಕ್ಟರಿನಲ್ಲಿ ಹಚ್ಚಿ ನೋಡೋಣ! ಆಗದು. ಆ ಕಡತ ಆ್ಯಪಿನ ಹೊಟ್ಟೆಯೊಳಗೆ ಬೀಗ ಹಾಕಿಕೊಂಡು ಕುಳಿತಿದೆ. ಚಂದಾ ನಿಂತರೆ ಹಾಡೂ ನಿಂತಿತು. ಚಂದಾ ಕಟ್ಟಿದ್ದರೂ ಸ್ಪಾಟಿಫೈನಂಥ ಆ್ಯಪಿಗೆ 30 ದಿನಕ್ಕೊಮ್ಮೆ ಇಂಟರ್‌ನೆಟ್ಟಿಗೆ ಬಂದು ಹಾಜರಿ ಹಾಕಬೇಕು. 2,050 ಮೆಗಾವಾಟ್ ಸೌರವಿದ್ಯುತ್ತಿನ ಪಾರ್ಕು ಇರುವ ಪಾವಗಡ ತಾಲ್ಲೂಕಿನಲ್ಲೇ ಒಬ್ಬ ಕುರಿ ಕಾಯುವ ಅಜ್ಜ ಎರಡು ತಿಂಗಳು ರೀಚಾರ್ಜು ಮಾಡಿಸದೆ ಇದ್ದ ಎನ್ನಿ. ಮೊಮ್ಮಗ ಕಾಸು ಕಟ್ಟಿ ಇಳಿಸಿಕೊಟ್ಟ ಹಾಡು ಮೂಕವಾಗುತ್ತದೆ. ಅದೇ ಅಜ್ಜನ ಹಳೆಯ ಕೀಪ್ಯಾಡ್ ಫೋನಿನಲ್ಲಿರುವ ಕಾರ್ಡಿನ ಹಾಡು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಆ್ಯಪುಗಳ ಆಯಸ್ಸೂ ಅಷ್ಟಕ್ಕಷ್ಟೆ. ರೆಸ್ಸೋ 2024ರ ಜನವರಿಯಲ್ಲಿ ಮುಚ್ಚಿತು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಮುಚ್ಚುವ ಸುದ್ದಿ ಅದೇ ವರ್ಷದ ಆಗಸ್ಟಿನಲ್ಲಿ ಬಂತು. ಆ್ಯಪು ಹೋದರೆ ಅದರೊಳಗೆ ಇಳಿಸಿಟ್ಟ ಹಾಡುಗಳೂ ಅದರ ಹಿಂದೆಯೇ ಹೋದವು.

ಕಾನೂನು ಏನನ್ನುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಹಕ್ಕು ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಸಜೆ ಮತ್ತು ದಂಡ ಎಂದು ಅದರ 65ಎ ಕಲಮು ಹೇಳುತ್ತದೆ. ಆದರೆ ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಒಡೆದರೆ ಅದಕ್ಕೆ ಈ ಕಲಮು ಅಡ್ಡ ಬರುವುದಿಲ್ಲ ಎಂಬ ಮಾತೂ ಅದರಲ್ಲೇ ಇದೆ. ಖಾಸಗಿಯಾಗಿ, ಸ್ವಂತಕ್ಕೆ ನ್ಯಾಯವಾಗಿ ಬಳಸಲು 52ನೇ ಕಲಮು ಅವಕಾಶ ಕೊಟ್ಟಿದೆ. ಕಾಗದದ ಮೇಲೆ ಗಿರಾಕಿಯೂ ಮನುಷ್ಯನೇ! ಬೀಗ ಒಡೆಯುವ ವಿದ್ಯೆ ಬಲ್ಲ ಗಿರಾಕಿ ಎಷ್ಟು ಜನ ಸಿಗುತ್ತಾರೆ, ಅದು ಬೇರೆ ಪ್ರಶ್ನೆ.

ಕೊಂಡ ಹಾಡನ್ನು ಮದುವೆಯಲ್ಲಿ ಹಾಕಬಹುದೇ ಎಂದು ಕೇಳುವವರು ಬಹಳ. ಧಾರಾಳವಾಗಿ ಹಾಕಿ. ನಿಜವಾದ ಧಾರ್ಮಿಕ ಆಚರಣೆಯಲ್ಲಿ ಧ್ವನಿಮುದ್ರಿಕೆ ಹಾಕುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂತೋಷ ಕೂಟ ಕೂಡ ಅದರಲ್ಲಿ ಸೇರಿದೆ. ಆದರೂ ಕೆಲವರು ಕಲ್ಯಾಣ ಮಂಟಪಗಳಲ್ಲಿ, ಹೋಟೆಲುಗಳಲ್ಲಿ ರಾಯಧನ ಕೇಳುತ್ತಿದ್ದಾರೆ ಎಂಬ ದೂರು ಬಂದು, ಹಾಗೆ ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಬೇಕಾಯಿತು. ಬಸ್ಸು, ಹೇರ್ ಕಟಿಂಗ್ ಸಲೂನು, ಹೋಟೆಲಿನ ಮಾತು ಬೇರೆ. ಅಲ್ಲಿ ಸಾರ್ವಜನಿಕವಾಗಿ ಹಾಡು ಹಾಕಲು ಪ್ರತ್ಯೇಕ ಪರವಾನಗಿ ಬೇಕು. ನೀವೇ ಆರು ರೂಪಾಯಿ ಕೊಟ್ಟು ಕೊಂಡ ಹಾಡಾದರೂ ಸರಿ.

ವಿಡಿಯೋಗೆ ಹಾಡು ಅಂಟಿಸುವುದಂತೂ ಇನ್ನೂ ಸೂಕ್ಷ್ಮ. ಇದರಲ್ಲಿ ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ನಮ್ಮ ತುಮಕೂರು ಜಿಲ್ಲೆಯಲ್ಲೂ ಹಾದು ಹೋದ 2022ರ ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ 'ಕೆ.ಜಿ.ಎಫ್. 2' ಹಾಡು ಬಳಸಿದರೆಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಕೋರ್ಟಿಗೆ ಹೋಯಿತು. ನವೆಂಬರ್ 7ರಂದು ಕೆಳ ಕೋರ್ಟು ಕಾಂಗ್ರೆಸ್ಸಿನ ಟ್ವಿಟರ್ ಖಾತೆಗೇ ತಡೆ ಹಾಕಿತು, ಮರುದಿನ ಹೈಕೋರ್ಟು ಆ ತಡೆ ತೆಗೆದು ಹಾಡಿರುವ ವಿಡಿಯೋ ಮಾತ್ರ ಇಳಿಸಲು ಹೇಳಿತು. ನಟ ರಕ್ಷಿತ್ ಶೆಟ್ಟಿ ನಿರ್ಮಿಸಿದ 'ಬ್ಯಾಚುಲರ್ ಪಾರ್ಟಿ'ಯಲ್ಲಿ 'ನ್ಯಾಯ ಎಲ್ಲಿದೆ', 'ಗಾಳಿಮಾತು' ಚಿತ್ರಗಳ ಹಾಡಿನ ತುಣುಕು ಕೇಳಿಬಂದದ್ದಕ್ಕೆ ಅದೇ ಕಂಪನಿ ದಾವೆ ಹೂಡಿತು. 2024ರಲ್ಲಿ ದೆಹಲಿ ಹೈಕೋರ್ಟು 20 ಲಕ್ಷ ರೂಪಾಯಿ ಠೇವಣಿ ಇಡಿ ಎಂದಿತು. ಸಿನಿಮಾದವರ ಹಾಡಿಗೆ ಸಿನಿಮಾದವರೇ ಕೋರ್ಟಿಗೆ!

ಬರೆದವರ ಪಾಲು

ಬೀಗ ಹಾಕುವವರು ಯಾವಾಗಲೂ ಹೇಳುವ ಮಾತೊಂದಿದೆ: ಇದೆಲ್ಲ ಕಲಾವಿದರ ಹೊಟ್ಟೆಪಾಡಿಗಾಗಿ. ಈ ಮಾತನ್ನು ತಳ್ಳಿಹಾಕಲು ನಮಗೂ ಮನಸ್ಸಿಲ್ಲ. 'ಪರಸಂಗದ ಗೆಂಡೆತಿಮ್ಮ'ನ ಹಾಡುಗಳಿಂದ, 'ಆಲೆಮನೆ'ಯ ಹಾಡಿನಿಂದ ನಾಡಿನ ಮನ ಗೆದ್ದ ದೊಡ್ಡರಂಗೇಗೌಡರು ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯವರು. 2018ರಲ್ಲಿ ಪದ್ಮಶ್ರೀ ಪಡೆದವರು, 2023ರಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು. ನಮ್ಮ ಮಣ್ಣಿನ ಮಾತನ್ನೇ ಹಾಡು ಮಾಡಿದ ಇಂಥ ಕವಿಗಳಿಗೆ ಹಾಡಿನ ಕಾಸು ಸೇರಲಿ ಎನ್ನದವನು ಯಾರು?

ಆದರೆ ಕವಿಗೆ ಪಾಲು ಕೊಡಿಸಿದ್ದು ಬೀಗವಲ್ಲ, ಕಾನೂನು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಇರಬೇಕು, ಆ ಹಕ್ಕನ್ನು ಕಂಪನಿಗಳು ಬರೆಸಿಕೊಳ್ಳುವಂತಿಲ್ಲ ಎಂದು ಹೇಳಿದ್ದು ಅದೇ 2012ರ ತಿದ್ದುಪಡಿ. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಎದ್ದು ನಿಂತು ಅದಕ್ಕಾಗಿ ವಾದಿಸಿದರು. ಗಿರಾಕಿ ತಾನು ಕೊಂಡ ಹಾಡನ್ನು ಹಳೆಯ ಫೋನಿನಿಂದ ಹೊಸ ಫೋನಿಗೆ ಸಾಗಿಸಿಕೊಂಡರೆ ಕವಿಗೆ ಆಗುವ ನಷ್ಟವಾದರೂ ಏನು? ಹಾಗೆ ಸಾಗಿಸಲು ಬಿಡದಿದ್ದರೆ ಆಗುವ ಲಾಭ ಯಾರದು? ಹಳೆಯ ಫೋನಿನ ಜೊತೆ ಹಾಡು ಸತ್ತರೆ ಮತ್ತೊಮ್ಮೆ ಮಾರಬಹುದಲ್ಲ! ಹಳೆಯ ಪ್ಲೇಟು ಮಾರಿದ ಹಾಗೆ ಕೊಂಡ ಹಾಡನ್ನು ಇನ್ನೊಬ್ಬರಿಗೆ ಮಾರೋಣವೆಂದರೆ ಅದಕ್ಕೂ ದಾರಿಯಿಲ್ಲ. ಅಮೆರಿಕದಲ್ಲಿ ರಿಡಿಜಿ ಎಂಬ ಕಂಪನಿ ಹಾಗೆ ಮಾರಲು ಹೋಗಿ 2018ರಲ್ಲಿ ಮೇಲಿನ ಕೋರ್ಟಿನಲ್ಲೂ ಸೋತಿತು.

ಅದೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಗಿರಾಕಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದವನ್ನು ಬಳಸುವಂತಿಲ್ಲ. ಇಳಿಸಿಕೊಂಡ ಮೇಲೆ ಇಂಟರ್‌ನೆಟ್ಟಿನ ಹಂಗಿಲ್ಲದೆ ಶಾಶ್ವತವಾಗಿ ಉಳಿಯುವಂತೆ ಕೊಟ್ಟರೆ ಆ ನಿರ್ಬಂಧ ಇಲ್ಲ. ನಮ್ಮಲ್ಲೂ ಇಂಥ ಒಂದು ಸಾಲು ಬರಲಿ ಎಂದು ಕೇಳುವುದು ದುರಾಸೆಯೇನಲ್ಲ. ಅಂಗಡಿಯವನು ಬಾಡಿಗೆ ಎಂದರೆ ಬಾಡಿಗೆ ಕೊಡೋಣ, ಮಾರಾಟ ಎಂದರೆ ಮನೆಗೆ ಒಯ್ಯೋಣ.

ಅಲ್ಲಿಯವರೆಗೆ ನಿಮ್ಮ ಫೋನಿನಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. 'ಫೈಲ್ಸ್' ತೆರೆದು ಹಾಡಿನ ಹೆಸರು ಹುಡುಕಿ. ಹೆಸರಿನ ಬಾಲದಲ್ಲಿ ಎಂ.ಪಿ.3 ಎಂದಿದ್ದು, ಬೇರೆ ಫೋನಿಗೆ ಕಳಿಸಿದರೆ ಅಲ್ಲೂ ಹಾಡಿದರೆ ಅದಕ್ಕೆ ಬೀಗವಿಲ್ಲ. ನೀವು ಕೊಂಡದ್ದಾದರೆ ಇವತ್ತೇ ಇನ್ನೊಂದು ಪೆನ್‌ಡ್ರೈವಿಗೂ ಹಾಕಿಡಿ. ಹುಡುಕಿದರೂ ಸಿಗದೆ ಆ್ಯಪು ತೆರೆದರೆ ಮಾತ್ರ ಕೇಳಿಸುವ ಹಾಡು ಬಾಡಿಗೆಯದು. 2013ರ ಆಗಸ್ಟ್ 18ರೊಳಗೆ ಫ್ಲೈಟ್‌ನಿಂದ ಇಳಿಸಿಕೊಂಡವರ ಹಾಡುಗಳು ಇವತ್ತಿಗೂ ಹಾಡುತ್ತವೆ, ಆ ಹಾರ್ಡ್‌ಡಿಸ್ಕು ಕೆಟ್ಟಿರದಿದ್ದರೆ!